ಆರು ಗಂಟೆಗಳ ವಿಳಂಬ

ಸಣ್ಣ ಊರೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಉಪಾಧ್ಯಾಯರೊಬ್ಬರ ಮನೆಯಲ್ಲಿ ನಡೆದ ಸಂಗತಿಯಿದು. ಒಂದು ಸಂಜೆ ಅವರ ತಮ್ಮನಿಗೆ ಎದೆಯ ಮೇಲೆ ಕಲ್ಲು ಹೇರಿದಂತಾಯಿತು, ಎಡತೋಳು ಸೆಳೆಯಿತು, ಮೈಯೆಲ್ಲ ಬೆವರಿತು. "ವಾಯುವಿನ ಬಾಧೆ ಇರಬೇಕು, ಜೀರಿಗೆ ಕಷಾಯ ಕುಡಿದು ಮಲಗಪ್ಪ" ಎಂದವರು ಅಣ್ಣನೇ. "ಹಾಗೇ ಇರಬೇಕಣ್ಣ, ಈ ಹೊತ್ತಿನಲ್ಲಿ ಯಾರಿಗೆ ತೊಂದರೆ ಕೊಡುವುದು" ಎಂದು ತಮ್ಮನೂ ಸುಮ್ಮನಾದರು. ಜಿಲ್ಲಾ ಕೇಂದ್ರದ ಆಸ್ಪತ್ರೆಯನ್ನು ತಲುಪುವಾಗ ನಡುರಾತ್ರಿ ಮೀರಿತ್ತು. ಪ್ರಾಣವೇನೋ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಮರಳಿ ಚೇತರಿಸಿಕೊಳ್ಳದಷ್ಟು ಸತ್ತುಹೋಗಿತ್ತು.

ಪಕ್ಕದ ಹಾಸಿಗೆಯಲ್ಲಿ ಗಾರೆ ಕೆಲಸದವನೊಬ್ಬನಿದ್ದ. ಕಟ್ಟಿಕೊಂಡ ರಕ್ತನಾಳವನ್ನು ತೆರೆಯಿಸಲು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ವೈದ್ಯರು ತಿಳಿಸಿದರು. ಅವನ ಹೆಂಡತಿ ಸೆರಗಿನ ಗಂಟು ಬಿಚ್ಚಿ ಎಣಿಸಿದಳು, ಮತ್ತೆ ಕಟ್ಟಿದಳು. ಮೂರನೆಯ ದಿನ ಅವನನ್ನು ಊರಿಗೇ ಕರೆದುಕೊಂಡು ಹೊರಟಳು. ಮುಂದೇನಾಯಿತೆಂದು ಉಪಾಧ್ಯಾಯರಿಗೆ ತಿಳಿಯಲಿಲ್ಲ.

ಈ ಎರಡು ಹಾಸಿಗೆಗಳ ಕಥೆ ದೇಶದ ಕಥೆಯೂ ಹೌದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ಭಾರತದ 89 ಆಸ್ಪತ್ರೆಗಳ 20,468 ಹೃದ್ರೋಗಿಗಳನ್ನು ಗಮನಿಸಿ, 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆ ಸೇರಲು ರೋಗಿಗಳಿಗೆ ಹಿಡಿದ ಮಧ್ಯಕ ಕಾಲ 360 ನಿಮಿಷ, ಎಂದರೆ ಆರು ಗಂಟೆ. ಮೂವತ್ತು ದಿನಗಳೊಳಗೆ ಮರಣ ಹೊಂದಿದವರು ಸಿರಿವಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಪಡೆದ ಚಿಕಿತ್ಸೆಯಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಸಿಹೋಯಿತು. ಬಡವನ ಹೃದಯ ದುರ್ಬಲವಾಗಿತ್ತೆಂದಲ್ಲ, ಅವನಿಗೆ ಔಷಧ ದೊರೆಯಲಿಲ್ಲವೆಂಬುದೇ ಇದರ ಅರ್ಥ.

ಇದು ಭಾರತವೊಂದರ ಪಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಜಗತ್ತಿನಲ್ಲಿ 1 ಕೋಟಿ 79 ಲಕ್ಷ ಜನ ತೀರಿಕೊಂಡರು. ಇಂತಹ ಮರಣಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಒಮ್ಮೆ ಸಿರಿವಂತರ ರೋಗವೆನಿಸಿಕೊಂಡದ್ದು ಇಂದು ದುಡಿಯುವವರ ಮನೆಯ ಆಧಾರಸ್ತಂಭವನ್ನೇ ಕೆಡಹುತ್ತಿದೆ.

ಹಿಂಸೆಯ ಮೂಲ ಪ್ರಮಾದವೆಂದು ಜೈನ ಆಚಾರ್ಯರು ಬೋಧಿಸಿದ್ದಾರೆ. ಕೈ ಎತ್ತಿ ಹೊಡೆಯುವುದಷ್ಟೇ ಹಿಂಸೆಯಲ್ಲ. ಎಚ್ಚರದಿಂದಿರಬೇಕಾದಾಗ ಎಚ್ಚರ ತಪ್ಪುವುದರಲ್ಲಿಯೂ ಅದರ ಬೀಜವಿದೆ. ಎದೆನೋವನ್ನು ವಾಯುವೆಂದು ತಳ್ಳಿಹಾಕುವ ಮನೆಯಲ್ಲಿ ದ್ವೇಷವಿರುವುದಿಲ್ಲ, ಪ್ರೀತಿಯೇ ಇರುತ್ತದೆ. ಆದರೂ ಕಳೆದ ಕಾಲ ಹಿಂದಿರುಗದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಬೇಗ ಕೊಟ್ಟಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ಒದಗಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಘೋಷಿಸಿತು. ಆದರೆ ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬಂದರೆ ತಾನೆ ಔಷಧ ಫಲಿಸುವುದು?

ಬಾಗಿಲವರೆಗಿನ ದಾರಿಯನ್ನು ಕಿರಿದುಗೊಳಿಸುವುದು ಸಮಾಜದ ಕೆಲಸ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಬಸದಿಯ ಟ್ರಸ್ಟು ಉತ್ಸವದ ವೆಚ್ಚದಲ್ಲಿ ಒಂದಂಶವನ್ನು ತೆಗೆದಿರಿಸಿ, ಬಡ ರೋಗಿಯ ಪ್ರಯಾಣಕ್ಕೂ ಮುಂದಿನ ತಿಂಗಳುಗಳ ಮಾತ್ರೆಗಳಿಗೂ ನೆರವಾದರೆ, ಆ ದಾನಕ್ಕೆ ಶಿಲಾಫಲಕ ಬೇಕಿಲ್ಲ. ಗಾರೆ ಕೆಲಸದವನ ಹೆಂಡತಿಗೆ ಅಂದು ಬೇಕಾಗಿದ್ದುದು ಅಷ್ಟೇ.

ಉಪಾಧ್ಯಾಯರ ತಮ್ಮ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅಣ್ಣನೂ ಜೊತೆಯಲ್ಲಿ ನಿಲ್ಲುತ್ತಾರೆ. ಆ ಸಂಜೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಆದರೆ ಊರಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆಂದು ಕೇಳಿದೊಡನೆ, ಕಷಾಯದ ಮಾತು ಬರುವ ಮೊದಲೇ, ಆ ಹಿರಿಯರು 108ಕ್ಕೆ ಕರೆ ಮಾಡಿರುತ್ತಾರೆ.