ಕಟ್ಟಿದವನ ಮಕ್ಕಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಉತ್ತರಾರ್ಧದ ಪರೀಕ್ಷೆ ನನಗೆ ಇನ್ನೂ ದೂರವಿದೆ. ನನ್ನ ಮಗಳಿಗೆ ಈಗ ಆರು ವರ್ಷ. ಪೂರ್ವಾರ್ಧದಲ್ಲಿ ಮಾತ್ರ ಕಳೆದ ಹತ್ತು ತಿಂಗಳಿಂದ ಸಿಕ್ಕಿಬಿದ್ದಿದ್ದೇನೆ. ಮೈಸೂರಿನ ಅಂಚಿನಲ್ಲಿ 30 ಅಡಿಗೆ 40 ಅಡಿಯ ನಿವೇಶನ, ಬ್ಯಾಂಕಿನ ಸಾಲ, ಇಂದು ಬಂದು ನಾಳೆ ಬಾರದ ಮೇಸ್ತ್ರಿ: ಇವುಗಳ ನಡುವೆ ಕನ್ನಡ ಅಧ್ಯಾಪಕನೊಬ್ಬನ ಪಾಡು ಏನಾಗಬಹುದೆಂಬುದನ್ನು ಮನೆ ಕಟ್ಟಿಸಿದ ಓದುಗರು ಬಲ್ಲರು, ಕಟ್ಟಿಸದವರಿಗೆ ಹೇಳಿ ಹೆದರಿಸುವ ಇಚ್ಛೆ ನನಗಿಲ್ಲ.

ನಕ್ಷೆ ಬರೆಸುವಾಗ ನಾನು ಒಂದೇ ಒಂದು ಹಟ ಹಿಡಿದಿದ್ದೆ. ಮೂಲೆಯಲ್ಲಿ ನನಗೊಂದು ಓದುವ ಕೋಣೆ ಬೇಕು. ಅದಕ್ಕೆ ಗಟ್ಟಿಯಾದ ಬಾಗಿಲು ಬೇಕು. ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು. ಹಳಗನ್ನಡ ಕಾವ್ಯಗಳಲ್ಲಿನ ನಗರವರ್ಣನೆಯನ್ನು ಕುರಿತ ನನ್ನ ಪಿಎಚ್.ಡಿ. ಪ್ರಬಂಧ ಆರು ವರ್ಷಗಳಿಂದ ಮುಗಿಯುತ್ತಲೇ ಇದೆ. ಅದಕ್ಕೂ ನನ್ನ ಮಗಳಿಗೂ ಒಂದೇ ವಯಸ್ಸು. ಇಬ್ಬರಲ್ಲಿ ಬೆಳೆದವಳು ಮಗಳು ಮಾತ್ರ. ಬೆಳವಣಿಗೆ ಕುಂಠಿತವಾದ ಇನ್ನೊಂದು ಕೂಸಿಗೆ ಏಕಾಂತದ ಆರೈಕೆ ಬೇಕೆಂಬುದು ನನ್ನ ವಾದ. ನನ್ನ ಹೆಂಡತಿ ಆ ವಾದಕ್ಕೆ ಎದುರಾಡಲಿಲ್ಲ. "ಚಿಲಕ ಯಾಕ್ರೀ? ನಿಮ್ಮನ್ನು ಕರೆಯುವುದನ್ನು ನಾವು ಈಗಲೇ ಬಿಟ್ಟಿದ್ದೇವಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು. ಗಂಡಸರು ಇಂಥ ಮಾತುಗಳನ್ನು ಒಪ್ಪಿಗೆಯೆಂದು ಎಣಿಸುವುದು ವಾಡಿಕೆ. ನಾನೂ ಹಾಗೆಯೇ ಎಣಿಸಿದೆ.

ನಕ್ಷೆ ಬರೆದುಕೊಟ್ಟವರು ನನ್ನ ಮಿತ್ರರು. ವಾಸ್ತುಶಿಲ್ಪವನ್ನು ಪಾಠ ಹೇಳುವವರು. ಒಂದು ಭಾನುವಾರ ಸಂಜೆ ನಮ್ಮನ್ನೆಲ್ಲ ಊಟಕ್ಕೆ ಕರೆದು, ಊಟವಾದ ಮೇಲೆ, "ಮೇಷ್ಟ್ರೇ, ಮನೆ ಕಟ್ಟುವವರು ನೋಡಬೇಕಾದ ಒಂದು ಚಿತ್ರವಿದೆ" ಎಂದು ತಮ್ಮ ಕಂಪ್ಯೂಟರಿನಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಹಾಕಿದರು. 2003ರಲ್ಲಿ ತೆರೆಕಂಡ ಆ ಚಿತ್ರದ ಹೆಸರು 'ಮೈ ಆರ್ಕಿಟೆಕ್ಟ್'. ಅಮೆರಿಕದ ಮಹಾ ವಾಸ್ತುಶಿಲ್ಪಿ ಲೂಯಿ ಕಾನರನ್ನು ಕುರಿತು ಅವರ ಮಗ ನೆಥೇನಿಯಲ್ ಕಾನ್ ತೆಗೆದದ್ದು. ಕಲ್ಲು, ಗಾರೆ, ಕಿಟಕಿಗಳ ವಿಷಯವಿರಬಹುದೆಂದುಕೊಂಡು ನಾನು ಕುಳಿತೆ. ಮಗಳು ತಾಯಿಯ ತೊಡೆಯ ಮೇಲೆ ನಿದ್ದೆಹೋದಳು.

ಲೂಯಿ ಕಾನ್ ಹುಟ್ಟಿದ್ದು 1901ರಲ್ಲಿ, ಇಂದಿನ ಎಸ್ಟೋನಿಯಾದಲ್ಲಿ, ಬಡ ಯಹೂದಿ ಕುಟುಂಬದಲ್ಲಿ. ಎಳವೆಯಲ್ಲಿ ಉರಿಯುವ ಕೆಂಡದ ಬಣ್ಣಕ್ಕೆ ಮರುಳಾಗಿ ಅದನ್ನು ಹಿಡಿಯಹೋದ ಮಗುವಿನ ಮುಖ ಸುಟ್ಟಿತು. ಆ ಕಲೆ ಕೊನೆಯವರೆಗೂ ಉಳಿಯಿತು. 1906ರಲ್ಲಿ ಕುಟುಂಬ ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ವಲಸೆ ಹೋಯಿತು. ಹುಡುಗ ಮೂಕಿಚಿತ್ರಗಳ ಮಂದಿರದಲ್ಲಿ ಪಿಯಾನೋ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತ ಓದಿದ. ಹೆಸರು ಬಂದದ್ದು ಐವತ್ತರ ವಯಸ್ಸು ದಾಟಿದ ಮೇಲೆ. ಅನಂತರದ ಇಪ್ಪತ್ತು ವರ್ಷಗಳಲ್ಲಿ ಅವರು ಕಟ್ಟಿದ್ದು ಕೆಲವೇ ಕಟ್ಟಡಗಳಾದರೂ, ಜಗತ್ತಿನ ವಾಸ್ತುಶಿಲ್ಪಿಗಳು ಇಂದಿಗೂ ಅವನ್ನು ತೀರ್ಥಸ್ಥಳಗಳಂತೆ ನೋಡಲು ಹೋಗುತ್ತಾರೆ: ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಸಾಲ್ಕ್ ಸಂಸ್ಥೆ, ಟೆಕ್ಸಾಸಿನ ಕಿಂಬೆಲ್ ಕಲಾ ಸಂಗ್ರಹಾಲಯ, ನಮ್ಮ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಢಾಕಾದ ಸಂಸತ್ ಭವನ.

ಇಷ್ಟು ಕೀರ್ತಿಯ ಭಾಗ. ಮನೆಯ ಭಾಗ ಬೇರೆ. ಈ ಮಹಾಶಯರಿಗೆ ಮೂರು ಸಂಸಾರಗಳಿದ್ದವು.

1930ರಲ್ಲಿ ಕೈಹಿಡಿದ ಪತ್ನಿ ಎಸ್ತರ್. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಗಂಡನಿಗೆ ಕೆಲಸವಿಲ್ಲದಿದ್ದಾಗ, ವೈದ್ಯಕೀಯ ಸಂಶೋಧನೆಯ ಕೆಲಸ ಮಾಡಿ ಮನೆ ನಡೆಸಿದವರು ಆಕೆ. 1940ರಲ್ಲಿ ಮಗಳು ಸ್ಯೂ ಆನ್ ಹುಟ್ಟಿದಳು. ಎರಡನೆಯವರು ಆನ್ ಟಿಂಗ್, ಕಾನರ ಕಛೇರಿಯಲ್ಲಿದ್ದ ಪ್ರತಿಭಾವಂತ ವಾಸ್ತುಶಿಲ್ಪಿ. ತ್ರಿಕೋನ, ಚೌಕಗಳ ಜ್ಯಾಮಿತಿಯಲ್ಲಿ ಆಕೆಗಿದ್ದ ಒಳನೋಟ ಕಾನರ ಆರಂಭದ ಮುಖ್ಯ ಕೃತಿಗಳಲ್ಲೆಲ್ಲ ಸೇರಿದೆ. ಹೆಸರು ಮಾತ್ರ ಬಹುಪಾಲು ಕಾನರದೇ ಆಯಿತು. ಗರ್ಭಿಣಿಯಾದ ಆಕೆ ಲೋಕಾಪವಾದಕ್ಕೆ ದೂರವಾಗಿ ರೋಮಿಗೆ ಹೋದರು; 1954ರಲ್ಲಿ ಅಲ್ಲಿ ಅಲೆಕ್ಸಾಂಡ್ರಾ ಹುಟ್ಟಿದಳು. ಆಗ ಕಾನ್ ಆಕೆಗೆ ಬರೆದ ಪತ್ರಗಳು 1997ರಲ್ಲಿ ಪುಸ್ತಕವಾಗಿ ಬಂದಿವೆ. ಮೂರನೆಯವರು ಉದ್ಯಾನಶಿಲ್ಪಿ ಹ್ಯಾರಿಯೆಟ್ ಪ್ಯಾಟಿಸನ್. 1962ರ ನವೆಂಬರಿನಲ್ಲಿ ಅವರಿಗೆ ನೆಥೇನಿಯಲ್ ಹುಟ್ಟಿದ. ಅಹಮದಾಬಾದಿನ ಕೆಲಸವೂ ಢಾಕಾದ ಕೆಲಸವೂ ಕಾನರ ಕೈಸೇರಿದ್ದು ಅದೇ 1962ರಲ್ಲಿ. ಒಂದು ವರ್ಷದಲ್ಲಿ ಮೂರು ಹೊಣೆಗಳು. ಯಾವುದಕ್ಕೆ ಎಷ್ಟು ಹೊತ್ತು ಸಿಕ್ಕಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮೂರೂ ಮನೆಗಳು ಫಿಲಡೆಲ್ಫಿಯಾದ ಆಸುಪಾಸಿನಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿದ್ದರೂ ಮಕ್ಕಳು ಒಬ್ಬರನ್ನೊಬ್ಬರು ಅರಿಯದೆ ಬೆಳೆದರು. ನೆಥೇನಿಯಲನ ಮನೆಗೆ ತಂದೆ ವಾರಕ್ಕೊಮ್ಮೆ ಬಂದರೆ ಬಂದರು. ಬಂದ ಸಂಜೆ ಹಬ್ಬ. ಕಥೆ ಹೇಳುವರು, ಚಿತ್ರ ಬರೆಯುವರು. ವಿಚಿತ್ರವಾದ ದೋಣಿಗಳ ಚಿತ್ರಗಳಿರುವ ಒಂದು ಪುಟ್ಟ ಪುಸ್ತಕವನ್ನು ತಂದೆ ಮಗ ಕೂಡಿ ಮಾಡಿದ್ದರು. ರಾತ್ರಿಯಾದ ಮೇಲೆ ತಾಯಿ ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ತಂದೆಯನ್ನು ಆತನ 'ಮನೆ'ಗೆ ಬಿಟ್ಟು ಬರುತ್ತಿದ್ದರು. ತನ್ನ ತಂದೆಯನ್ನು ಇನ್ನೊಬ್ಬರ ಮನೆಯ ಬಾಗಿಲಿಗೆ ಒಪ್ಪಿಸಿ ಹಿಂದಿರುಗುವ ಮಗುವಿನ ಮನಸ್ಸನ್ನು ಯಾವ ನಕ್ಷೆಯಲ್ಲಿ ಬರೆಯಬೇಕು?

ಈ ಘಟ್ಟದಲ್ಲಿ ನನ್ನ ಹೆಂಡತಿ ತಟ್ಟನೆ, "ಬರುವ ದಿನ ಗೊತ್ತಿಲ್ಲದಿದ್ದರೆ ಆಕೆ ಎಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದಳೋ" ಎಂದಳು. ಮಿತ್ರರು ನಕ್ಕರು. ನನಗೆ ನಗು ಬರಲಿಲ್ಲ. ಮನೆಯ ಕೆಲಸ ಶುರುವಾದಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಒಂದು ತಟ್ಟೆ ಮುಚ್ಚಿಟ್ಟೇ ಇರುತ್ತದೆ.

1974ರ ಮಾರ್ಚ್ 17ರಂದು, ಅಹಮದಾಬಾದಿನಿಂದ ಹಿಂದಿರುಗುತ್ತಿದ್ದ ಕಾನ್ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಪಾಸ್‌ಪೋರ್ಟಿನಲ್ಲಿ ಮನೆಯ ವಿಳಾಸಕ್ಕೆ ಗೀಟು ಎಳೆದಿತ್ತಂತೆ. ಎರಡು ದಿನ ಮನೆಯವರಿಗೆ ಸುದ್ದಿಯೇ ಮುಟ್ಟಲಿಲ್ಲ. ಜಗತ್ತಿಗೆ ಭವನಗಳನ್ನು ಕೊಟ್ಟವನ ದೇಹ ವಿಳಾಸವಿಲ್ಲದೆ ಶವಾಗಾರದಲ್ಲಿತ್ತು. ಆತ ಬಿಟ್ಟುಹೋದದ್ದು ಸುಮಾರು 5 ಲಕ್ಷ ಡಾಲರಿನ ಸಾಲ. ಆ ವಿಳಾಸವನ್ನು ಆತ ಹೊಡೆದುಹಾಕಿದ್ದು ತಮ್ಮೊಡನೆ ಬಂದು ನೆಲೆಸುವುದಕ್ಕಾಗಿಯೇ ಎಂದು ಹ್ಯಾರಿಯೆಟ್ ನಂಬಿದರು. ಚಿತ್ರದಲ್ಲಿ ವೃದ್ಧೆಯಾದ ಅವರ ಮುಖದಲ್ಲಿ ಆ ನಂಬಿಕೆ ಇನ್ನೂ ಹಸಿಯಾಗಿದೆ. ಒಂದು ಗೀಟಿನ ಮೇಲೆ ಒಂದು ಬಾಳು ನಿಂತಿತ್ತು.

ಮರುದಿನಗಳ ಪತ್ರಿಕೆಯಲ್ಲಿ ಹನ್ನೊಂದು ವರ್ಷದ ನೆಥೇನಿಯಲ್ ತನ್ನ ಹೆಸರಿಗಾಗಿ ಹುಡುಕಿದ. ಅಗಲಿದವರಿಗೆ ಪತ್ನಿಯೂ ಒಬ್ಬ ಮಗಳೂ ಇದ್ದಾರೆಂದು ಅಲ್ಲಿ ಅಚ್ಚಾಗಿತ್ತು. ಅಂತ್ಯಕ್ರಿಯೆಗೆ ಇತರ ಇಬ್ಬರು ತಾಯಂದಿರಿಗೂ ಕರೆ ಇರಲಿಲ್ಲ. ಆದರೂ ಮಕ್ಕಳೊಡನೆ ಬಂದರು. ಮೂರು ಸಂಸಾರಗಳು ಒಂದೆಡೆ ಸೇರಿದ್ದು ಅಂದೇ ಮೊದಲು.

ಇಪ್ಪತ್ತೈದು ವರ್ಷಗಳ ಮೇಲೆ ಮಗ ತಂದೆಯನ್ನು ಹುಡುಕಿಕೊಂಡು ಹೊರಟ. ಹುಡುಕುವುದಾದರೂ ಎಲ್ಲಿ? ಮನೆಯಲ್ಲಿ ತಂದೆ ಇರಲಿಲ್ಲ; ಆದ್ದರಿಂದ ಕಟ್ಟಡಗಳಲ್ಲಿ ಹುಡುಕಿದ. ಸಾಲ್ಕ್ ಸಂಸ್ಥೆಯ ವಿಶಾಲವಾದ ಅಂಗಳದಲ್ಲಿ ಆತ ಕಾಲಿಗೆ ಗಾಲಿ ಕಟ್ಟಿಕೊಂಡು ಒಬ್ಬನೇ ಜಾರುತ್ತ ಸುತ್ತುವ ಒಂದು ದೃಶ್ಯವಿದೆ. ಮೂವತ್ತು ದಾಟಿದ ಗಂಡಸು ಅಪ್ಪನ ಅಂಗಳದಲ್ಲಿ ತಡವಾಗಿ ಆಡುತ್ತಿದ್ದಾನೆ. ನನ್ನ ಕಣ್ಣು ಮಂಜಾದದ್ದು ಅಲ್ಲಿ.

ಅಹಮದಾಬಾದಿನಲ್ಲಿ ಆತ ಬಾಲಕೃಷ್ಣ ದೋಶಿಯವರನ್ನು ಕಾಣುತ್ತಾನೆ. ಆ ಕೆಲಸಕ್ಕೆ ಕಾನರನ್ನು ಕರೆತರಲು ಕಾರಣರಾದವರು ದೋಶಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಲ್ಲಿನ ಗೋಡೆಗಳನ್ನೂ, ಬಿಸಿಲು ನೆರಳು ಬೆರೆತ ಮೊಗಸಾಲೆಗಳನ್ನೂ ನೋಡಿದವರಿಗೆ ಅವರ ಕೈಯ ಪರಿಚಯವಿದೆ. 2023ರ ಜನವರಿಯಲ್ಲಿ ತೀರಿಕೊಂಡ ಆ ಹಿರಿಯರು ಕಾನರನ್ನು ಗುರುವೆಂದೂ ಯೋಗಿಯೆಂದೂ ಭಾವಿಸಿ ಮಾತಾಡುತ್ತಾರೆ. ಮಗ ಕೇಳುತ್ತ ಕುಳಿತಿರುತ್ತಾನೆ. ಯೋಗಿಯ ಮಗನಿಗೆ ಬೇಕಾದದ್ದು ಯೋಗಿಯಲ್ಲವಷ್ಟೆ.

ಕೊನೆಗೆ ಢಾಕಾ. 1962ರಲ್ಲಿ ಅದು ಪೂರ್ವ ಪಾಕಿಸ್ತಾನ. 1971ರ ಯುದ್ಧದ ಬಳಿಕ ಬಾಂಗ್ಲಾದೇಶ. ಸಂಸತ್ ಭವನ ಪೂರ್ಣವಾದದ್ದು 1982ರಲ್ಲಿ, ಕಾನರು ಹೋಗಿ ಎಂಟು ವರ್ಷಗಳಾದ ಮೇಲೆ. ಅಲ್ಲಿನ ವಾಸ್ತುಶಿಲ್ಪಿ ಶಂಸುಲ್ ವಾರೆಸ್ ಆ ಭವನದೊಳಗೆ ನಿಂತು ಕಣ್ಣೀರು ತುಂಬಿ ಆಡುವ ಮಾತಿನ ಸಾರಾಂಶ ಇಷ್ಟು: ಬಡ ದೇಶವೊಂದಕ್ಕೆ ಆತ ಇಂಥದನ್ನು ಕೊಟ್ಟರು, ಎಲ್ಲರನ್ನೂ ಪ್ರೀತಿಸುವವರು ಕೆಲವೊಮ್ಮೆ ತೀರ ಹತ್ತಿರದವರನ್ನು ಕಾಣಲಾರರು. ಮಗ ಆ ಮಾತನ್ನು ಸಮಾಧಾನವೆಂದೇ ಸ್ವೀಕರಿಸುತ್ತಾನೆ.

ನಾನು ಅದನ್ನು ಪೂರ್ತಿಯಾಗಿ ಸ್ವೀಕರಿಸಲಾರೆ. ಢಾಕಾದ ಭವನ ದೊಡ್ಡದು ಎಂಬುದು ನಿಜ, ಅದು ಇರಬೇಕಾದದ್ದೇ. ಆದರೆ ಅದರ ಬೆಲೆಯ ಒಂದು ಪಾಲನ್ನು ತೆತ್ತವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಮೂವರು ಹೆಂಗಸರು, ಮೂವರು ಮಕ್ಕಳು. ನನ್ನ ಪ್ರಬಂಧಕ್ಕಾಗಿ ಎಷ್ಟೋ ನಗರವರ್ಣನೆಗಳನ್ನು ಓದಿದ್ದೇನೆ. ಕೋಟೆ, ಕಂದಕ, ಉಪ್ಪರಿಗೆ, ಉದ್ಯಾನಗಳೆಲ್ಲ ಅಲ್ಲಿವೆ. ಆ ಉಪ್ಪರಿಗೆಯನ್ನು ಕಟ್ಟಿದವನ ಮಗು ಅಂದು ಸಂಜೆ ಯಾರಿಗಾಗಿ ಕಾದಿತ್ತೆಂಬ ಮಾತು ನನಗೆ ಒಂದರಲ್ಲಿಯೂ ಸಿಕ್ಕಿಲ್ಲ. ನಾನೂ ಆರು ವರ್ಷಗಳಲ್ಲಿ ಅದನ್ನು ಹುಡುಕಲಿಲ್ಲ.

ಚಿತ್ರ ಮುಗಿದ ಮೇಲೆ, ಮಕ್ಕಳು ಏನಾದರು ಎಂದು ಮಿತ್ರರನ್ನು ಕೇಳಿದೆ. ಹಿರಿಯಳು ಸ್ಯೂ ಆನ್ ಕೊಳಲುವಾದಕಿ, ಅಲೆಕ್ಸಾಂಡ್ರಾ ಚಿತ್ರಕಲಾವಿದೆ, ನೆಥೇನಿಯಲ್ ಚಿತ್ರನಿರ್ದೇಶಕ. ಮೂವರಲ್ಲಿ ಯಾರೂ ತಂದೆಯ ವೃತ್ತಿಗೆ ಹೋಗಲಿಲ್ಲ. ಆ ಚಿತ್ರದಲ್ಲೇ ಒಮ್ಮೆ ಅವರು ತಂದೆ ಕಟ್ಟಿದ ಯಾರದೋ ಮನೆಯಲ್ಲಿ ಜೊತೆಯಾಗಿ ಕುಳಿತು, ತಾವು ಒಂದು ಕುಟುಂಬವೇ ಎಂದು ವಿಚಾರಿಸಿಕೊಳ್ಳುತ್ತಾರೆ. ಕುಳಿತುಕೊಳ್ಳಲು ತಂದೆಯದೇ ಆದ ಮನೆ ಇರಲಿಲ್ಲ. ತನಗಾಗಿ ಆತ ಒಂದು ಮನೆಯನ್ನೂ ಕಟ್ಟಿಕೊಳ್ಳಲಿಲ್ಲ.

"ಇನ್ನೊಂದು ಸಂಗತಿ ಕೇಳಿ" ಎಂದರು ಮಿತ್ರರು. 2020ರ ಡಿಸೆಂಬರಿನಲ್ಲಿ ಅಹಮದಾಬಾದಿನ ಸಂಸ್ಥೆ, ಶಿಥಿಲವಾಗಿವೆಯೆಂಬ ಕಾರಣಕ್ಕಾಗಿ, ಕಾನ್ ಕಟ್ಟಿದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಲು ಮುಂದಾಯಿತು. ಲೋಕದ ನಾನಾ ಕಡೆಗಳಿಂದ ಪ್ರತಿಭಟನೆ ಬಂತು. ಬಂದ ಪತ್ರಗಳಲ್ಲಿ ಒಂದು ಆ ಮೂವರು ಮಕ್ಕಳದು. ಮೂರು ತಾಯಂದಿರ ಮೂವರು ಮಕ್ಕಳು, ಒಂದೇ ಕಾಗದದಲ್ಲಿ ಹೆಸರು ಕೂಡಿಸಿ, ತಂದೆಯ ಇಟ್ಟಿಗೆಗಳನ್ನು ಉಳಿಸಿರೆಂದು ಕೇಳಿಕೊಂಡಿದ್ದರು. 2021ರ ಜನವರಿ 1ರಂದು ಸಂಸ್ಥೆ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಮರಣದ ವಾರ್ತೆಯಲ್ಲಿ ಒಟ್ಟಿಗೆ ಅಚ್ಚಾಗದ ಹೆಸರುಗಳು ನಲವತ್ತಾರು ವರ್ಷಗಳ ಮೇಲೆ ಹೀಗೆ ಒಟ್ಟಾದವು. ತಂದೆ ಅವರಿಗೆ ಕೊಡದೆ ಹೋದ ಹೊತ್ತೆಲ್ಲ ಆ ಗೋಡೆಗಳಲ್ಲಿ ಸೇರಿತ್ತಲ್ಲವೆ? ಗೋಡೆಗಳನ್ನು ಕೆಡವಿದರೆ ಅದೂ ಹೋದಂತೆ. ಇದನ್ನು ಕ್ಷಮೆಯೆನ್ನಬೇಕೋ ಹಕ್ಕೆನ್ನಬೇಕೋ ನಾನರಿಯೆ, ಎರಡೂ ಇರಬಹುದು.

ನಾನು ಕಾನನಲ್ಲ. ನನ್ನ ಪ್ರಬಂಧ ಢಾಕಾದ ಭವನವೂ ಅಲ್ಲ. ಅದನ್ನು ಕೆಡವಲು ಹೊರಟರೆ ಪತ್ರ ಬರೆಯುವವರು ಯಾರೂ ಇರಲಾರರು. ಭಯ ಹುಟ್ಟಿದ್ದು ಅದರಿಂದಲೇ. ಮಹಾಪುರುಷನ ಮಕ್ಕಳಿಗೆ ತಂದೆಯನ್ನು ಹುಡುಕಲು ಕಲ್ಲಿನ ಕಟ್ಟಡಗಳಾದರೂ ಇದ್ದುವು. ಸಾಮಾನ್ಯನೊಬ್ಬ ಬಾಗಿಲು ಹಾಕಿಕೊಂಡರೆ ಅವನ ಮಗಳು ಮುಂದೆ ಎಲ್ಲಿ ಹುಡುಕಬೇಕು? ವಿಶ್ವವಿದ್ಯಾನಿಲಯದ ಗ್ರಂಥಾಲಯದ ಧೂಳು ಹಿಡಿದ ಕಪಾಟಿನಲ್ಲಿಯೇ?

ಆ ರಾತ್ರಿ ನಿದ್ದೆಯ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಆಕೆ ಇಷ್ಟು ಭಾರವಾಗಿದ್ದಾಳೆಂಬುದು ನನಗೆ ತಿಳಿದಿರಲಿಲ್ಲ.

ಮರುವಾರ ಮರಗೆಲಸದ ಆಚಾರರು ಬಾಗಿಲುಗಳನ್ನು ಕೂರಿಸಲು ಬಂದರು. ಓದುವ ಕೋಣೆಯ ಬಾಗಿಲಿಗೆ ಒಳಗಿನ ಚಿಲಕ ಬೇಡವೆಂದೆ.

"ಯಾಕೆ ಸ್ವಾಮಿ, ನೀವೇ ಹೇಳಿ ತರಿಸಿದ್ದಲ್ಲವಾ? ಒಳಚಿಲಕ ಇಲ್ಲದಿದ್ದರೆ ಮಕ್ಕಳು ನುಗ್ಗಿಬಿಡ್ತಾವೆ" ಎಂದರು ಆಚಾರರು.

"ನುಗ್ಗಲಿ ಆಚಾರ್ರೇ."

ಅವರು ನನ್ನನ್ನೊಮ್ಮೆ ನೋಡಿ, ಕಿವಿಯ ಮೇಲಿನ ಪೆನ್ಸಿಲನ್ನು ಸರಿಪಡಿಸಿಕೊಂಡು, ಹಿತ್ತಾಳೆಯ ಚಿಲಕವನ್ನು ಮತ್ತೆ ಪೊಟ್ಟಣಕ್ಕೆ ಹಾಕಿದರು. ಅಂಗಡಿಯವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೂರ ಎಂಬತ್ತು ರೂಪಾಯಿ ನಷ್ಟವಾಯಿತು. ಹತ್ತು ತಿಂಗಳ ಕಟ್ಟೋಣದಲ್ಲಿ ನಾನು ಗೊಣಗದೆ ಅನುಭವಿಸಿದ ನಷ್ಟ ಅದೊಂದೇ.