ಮರೆವೆಂಬ ಮದ್ದು

ಮನಸ್ಸಿಗೆ ಪೆಟ್ಟು ತಗಲಿದವನಿಗೆ ನೆಂಟರಿಷ್ಟರು ಹೇಳುವ ಮೊದಲನೆಯ ಮಾತು ‘ಮರೆತುಬಿಡು’ ಎಂಬುದು. ಹೇಳಿದವರು ಮನೆಗೆ ಹೋಗಿ ಸುಖವಾಗಿ ನಿದ್ರಿಸುತ್ತಾರೆ, ಕೇಳಿದವನಿಗೆ ನಿದ್ರೆಯಿಲ್ಲ. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಮರಳಿ, ರಾತ್ರಿ ಚೀರಿ ಏಳುತ್ತಿದ್ದ ಆಂಗ್ಲ ಯೋಧರಿಗೆ ವೈದ್ಯರೂ ಬಹುಮಟ್ಟಿಗೆ ಇದೇ ಮದ್ದನ್ನು ಹೇಳುತ್ತಿದ್ದರು. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮಾತು ನಿಂತುಹೋದ ಸಿಪಾಯಿಗಳ ಗಂಟಲಿಗೆ ವಿದ್ಯುತ್ತನ್ನು ಹಾಯಿಸಿ ಮಾತು ಹೊರಡಿಸಿದ್ದೂ ಉಂಟು.

ಎಡಿನ್‌ಬರೋ ನಗರದ ಕ್ರೇಗ್‌ಲಾಕರ್ಟ್ ಎಂಬಲ್ಲಿ 1916ರಲ್ಲಿ ಇಂತಹ ಸೇನಾಧಿಕಾರಿಗಳಿಗಾಗಿ ಆಸ್ಪತ್ರೆಯೊಂದು ತೆರೆಯಿತು. ಅಲ್ಲಿ ವೈದ್ಯರಾಗಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ (1864–1922) ಕನ್ನಡಿಗರಿಗೆ ತೀರ ಹೊರಗಿನವರಲ್ಲ. ನೆರೆಯ ನೀಲಗಿರಿಯ ತೋಡರ ನಡುವೆ ಇದ್ದು, ಅವರನ್ನು ಕುರಿತು 1906ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದವರು ಇವರೇ. ಪರರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸವು ಆ ಬೆಟ್ಟದ ಮೇಲೆಯೇ ಬಲಿತಿದ್ದೀತು. ತಾವೂ ತೊದಲುತ್ತಿದ್ದವರಾದುದರಿಂದ ತೊದಲುವವನ ಸಂಕಟವು ಅವರಿಗೆ ಹೊಸದಾಗಿರಲಿಲ್ಲ.

1917ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯಸಭೆಯೊಂದರಲ್ಲಿ ಅವರು ಓದಿದ ಪ್ರಬಂಧದಲ್ಲಿ ಒಬ್ಬ ತರುಣ ಅಧಿಕಾರಿಯ ವೃತ್ತಾಂತವಿದೆ. ಗೆಳೆಯನನ್ನು ಅರಸುತ್ತ ಹೋದ ಆತನಿಗೆ ರುಂಡಮುಂಡಗಳು ಬೇರೆಬೇರೆಯಾಗಿ ಚೆದರಿದ್ದ ದೇಹವು ಕಂಡಿತು. ಅಂದಿನಿಂದ ಗೆಳೆಯನು ಅದೇ ರೂಪದಲ್ಲಿ ಕನಸಿಗೆ ಬರತೊಡಗಿದನು. ಹಗಲೆಲ್ಲ ಅದನ್ನು ಅದುಮಿಡುವುದು, ರಾತ್ರಿ ಹಾಸಿಗೆಗೇ ಹೆದರುವುದು! ರಿವರ್ಸರು ಮರೆಯೆನ್ನಲಿಲ್ಲ; ಆತನೊಡನೆ ಕುಳಿತು ಆ ನೆನಪನ್ನೇ ನೋಡಿದರು. ದೇಹವು ಅಷ್ಟು ಛಿದ್ರವಾಗಿರಬೇಕಾದರೆ ಮರಣವು ಕ್ಷಣಮಾತ್ರದಲ್ಲಿ ಬಂದಿರಬೇಕು, ಗೆಳೆಯನು ನರಳಿರಲಾರನು ಎಂದು ತೋರಿಸಿಕೊಟ್ಟರು. ತರುಣನ ಮುಖವು ತಿಳಿಯಾಯಿತು. ಕೆಲವು ರಾತ್ರಿ ಆ ಕನಸೇ ಬೀಳಲಿಲ್ಲ. ಬಳಿಕ ಬಿದ್ದ ಕನಸಿನಲ್ಲಿ ಆತನು ಹೆಣದ ಬಳಿ ಮಂಡಿಯೂರಿ, ಮನೆಯವರಿಗೆ ಕಳುಹಿಸಲೆಂದು ಗೆಳೆಯನ ವಸ್ತುಗಳನ್ನು ತೆಗೆಯುತ್ತಿದ್ದನು. ಎಚ್ಚರವಾದಾಗ ಭಯವಿರಲಿಲ್ಲ, ಮೆಲ್ಲಗೆ ಅಳುತ್ತಿದ್ದನು.

ಎಲ್ಲರಿಗೂ ಇಂತಹ ಸಮಾಧಾನವು ದೊರಕಲಿಲ್ಲ. ಮತ್ತೊಬ್ಬನನ್ನು ಸಿಡಿಗುಂಡು ಎತ್ತಿ ಎಸೆದಾಗ ಆತನ ಮುಖವು ಕೊಳೆತ ಶವವೊಂದರ ಮೇಲೆ ಬಿದ್ದಿತ್ತು. ಆ ನೆನಪಿನಲ್ಲಿ ಹಿಡಿದು ನಿಲ್ಲಬಹುದಾದುದು ಯಾವುದೂ ರಿವರ್ಸರಿಗೆ ಕಾಣಲಿಲ್ಲ. ಇಲ್ಲದ ಸಾಂತ್ವನವನ್ನು ಅವರು ಕಟ್ಟಿ ಹೇಳಲಿಲ್ಲ. ಹಿಂದೆ ಹಳ್ಳಿಗಾಡಿನಲ್ಲಿ ಆತನಿಗೆ ಸ್ವಲ್ಪ ನೆಮ್ಮದಿ ದೊರೆತಿತ್ತಾಗಿ, ಸೈನ್ಯವನ್ನು ಬಿಟ್ಟು ಅಂತಹ ಜೀವನವನ್ನೇ ಹುಡುಕಿಕೊಳ್ಳಲೆಂದು ಆತನನ್ನು ಕಳುಹಿಸಿದರು. ಅವರ ಕರುಣೆಯು ಅಚ್ಚವಾದುದೆಂಬುದಕ್ಕೆ ಮೊದಲನೆಯ ಗೆಲವಿಗಿಂತ ಈ ಸೋಲೇ ಹೆಚ್ಚಿನ ಸಾಕ್ಷಿ.

ಆದರೆ ಗುಣವಾದವನು ಹೋಗಬೇಕಾದುದೆಲ್ಲಿಗೆ? ಮರಳಿ ಅದೇ ರಣರಂಗಕ್ಕೆ. ಯುದ್ಧವನ್ನು ಬಹಿರಂಗವಾಗಿ ಖಂಡಿಸಿ 1917ರಲ್ಲಿ ಅವರ ಬಳಿಗೆ ಬಂದ ಕವಿ ಸಸೂನ್ ಕೂಡ ಆ ನವೆಂಬರಿನಲ್ಲಿ ಸೇನಾಕರ್ತವ್ಯಕ್ಕೆ ಹಿಂದಿರುಗಿದನು. ರೋಗಿಯ ಮಾತಿನಿಂದ ವೈದ್ಯನ ಮನಸ್ಸೇ ಯುದ್ಧಕ್ಕೆ ವಿಮುಖವಾದರೆ ಗತಿಯೇನು ಎಂಬ ತುಯ್ತವನ್ನು ರಿವರ್ಸರು ತಮ್ಮದೇ ಕನಸೊಂದರಲ್ಲಿ ಗುರುತಿಸಿ ಬರೆದಿಟ್ಟರು. ಆ ಬರಹವು ಅವರು ತೀರಿದ ಮರುವರ್ಷ, 1923ರಲ್ಲಿ, ಅಚ್ಚಾಯಿತು.