ಮೇಡಂ ಬದಲಾಗುವಾಗ

ಮೇಷ್ಟ್ರಿಗೆ ವರ್ಗವಾದರೆ ನಮ್ಮ ಊರುಗಳಲ್ಲಿ ಬೀಳ್ಕೊಡುಗೆ ನಡೆಯುತ್ತದೆ. ಹಾರ, ಶಾಲು, ನಾಲ್ಕು ಮಾತು, ಮಕ್ಕಳ ಅಳು. ಅತ್ತು ಹಗುರಾದ ಮಕ್ಕಳು ಹೊಸ ಮೇಷ್ಟ್ರನ್ನು ಬೇಗ ಒಪ್ಪಿಕೊಳ್ಳುತ್ತಾರೆ. ಮನೋಚಿಕಿತ್ಸೆ ಕೊಡುವವರು ಬದಲಾಗುವಾಗಲೂ ಇಂಥದ್ದೊಂದು ಬೀಳ್ಕೊಡುಗೆ ಬೇಕೇ ಬೇಕು ಅಂತ ನನಗೆ ಅನಿಸುತ್ತದೆ.

ಬದಲಾಗುವುದೇನೋ ತಪ್ಪಿದ್ದಲ್ಲ. ನಿಮ್ಹಾನ್ಸ್‌ನಂಥ ಕಲಿಸುವ ಆಸ್ಪತ್ರೆಗಳಲ್ಲಿ ತರಬೇತಿಯಲ್ಲಿರುವವರ ಪೋಸ್ಟಿಂಗ್ ತಿರುಗುತ್ತಲೇ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಬಹುಕಾಲ 2 ವರ್ಷದ್ದೇ ಆಗಿತ್ತು. ಅದು ಮುಗಿದರೆ ಊರೇ ಬೇರೆ. ಖಾಸಗಿಯಲ್ಲಾದರೆ ಹೆರಿಗೆ, ಹೊಸ ಕೆಲಸ ಇದ್ದದ್ದೇ. ಇತ್ತ ಒಪಿಡಿ ಬೆಂಚಿನ ಮೇಲೆ, ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡು ಕೂತವರ ಬಾಯಲ್ಲಿ ಒಂದೇ ಪ್ರಶ್ನೆ: "ಆ ಮೇಡಂ ಇಲ್ವಾ? ಹಾಗಾದ್ರೆ ಎಲ್ಲಾ ಮೊದಲಿಂದ ಹೇಳ್ಬೇಕಾ?"

ಫೈಲಿನಲ್ಲಿ ಎಲ್ಲ ಇದೆಯಲ್ಲ ಅಂತೀರಾ? ಇರುತ್ತದೆ. ಆದರೆ ಯಾವ ಮಾತಿಗೆ ಚಿಕಿತ್ಸೆಗೆ ಬಂದಾಕೆ ಸೆರಗಿನ ತುದಿ ಹಿಂಡುತ್ತಾ ಸುಮ್ಮನಾದಳು, ಎಷ್ಟು ಹೊತ್ತು ಕಾದಮೇಲೆ ಬಾಯಿಬಿಟ್ಟಳು ಎಂಬುದು ಫೈಲಿಗೆ ಗೊತ್ತಿರುವುದಿಲ್ಲ.

ಮನೋವಿಶ್ಲೇಷಕ ಫ್ರಾಯ್ಡ್ ನೆನಪಾಗುತ್ತಾನೆ. ಅವನು 'ಡೋರಾ' ಎಂದು ಕರೆದ ಹುಡುಗಿ 1900ರ ಕೊನೆಯ ದಿನ ಚಿಕಿತ್ಸೆ ಸಾಕೆಂದು ಹೊರಟುಹೋದಳು. ಬೇರೆಯವರ ಮೇಲಿನ ಸಿಟ್ಟು-ಅಕ್ಕರೆಯನ್ನೆಲ್ಲ ಅವಳು ವೈದ್ಯನ ಮೇಲೆ ಹಾಕಿದ್ದಳು, ಅದನ್ನು ತಾನು ಸಕಾಲದಲ್ಲಿ ಹಿಡಿಯಲಿಲ್ಲ ಎಂದು 1905ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಪ್ಪಿಕೊಂಡ. ಅಂದಮೇಲೆ ಬಿಟ್ಟುಹೋಗುವವರು ವೈದ್ಯರೇ ಆದಾಗ ಏನಾಗಬೇಡ? ಕೆಲವರಿಗೆ ಚಿಕ್ಕಂದಿನಲ್ಲಿ ಮನೆಬಿಟ್ಟು ಹೋದ ಅಪ್ಪನೂ ಆ ಹೊತ್ತಿಗೆ ಎದುರು ಬಂದು ನಿಲ್ಲುತ್ತಾನೆ.

ಆದ್ದರಿಂದ ಸುದ್ದಿಯನ್ನು ಕೊನೆಯ ದಿನ ಹೇಳಬಾರದು, ವಾರಗಳ ಮೊದಲೇ ಹೇಳಬೇಕು. ಸಿಟ್ಟು ಬಂದರೆ ಬರಲಿ, ಅದಕ್ಕೂ ಸೆಷನ್ನಿನಲ್ಲಿ ಜಾಗವಿರಲಿ. ಒಂದು ಸಲವಾದರೂ ಹಳಬರು, ಹೊಸಬರು, ಚಿಕಿತ್ಸೆಗೆ ಬಂದವರು ಮೂವರೂ ಒಟ್ಟಿಗೆ ಕೂರಬೇಕು. ಹೊಸಬರಿಗೆ ಏನು ತಿಳಿಯಬೇಕು, ಯಾವುದನ್ನು ತಾನೇ ಹೇಳಿಕೊಳ್ಳುತ್ತೇನೆ ಎಂಬುದನ್ನು ಬಂದವರೇ ತೀರ್ಮಾನಿಸಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನೂ ತಮ್ಮ ದಾಖಲೆ ನೋಡುವ ಹಕ್ಕನ್ನೂ ಅವರಿಗೆ ಕೊಟ್ಟಿದೆ. "ಸದ್ಯಕ್ಕೆ ಯಾರೂ ಬೇಡ" ಎಂದರೆ ಅದನ್ನೂ ಒಪ್ಪಬೇಕು. ಮತ್ತೆ ಬರುವ ದಾರಿ ಮಾತ್ರ ತಿಳಿಸಿರಬೇಕು.

ಇದಕ್ಕೆಲ್ಲ ಸಮಯ ಎಲ್ಲಿದೆ ಎನ್ನುತ್ತಾರೆ. ಹೊರಗೆ ಸಾಲು ನಿಂತಿರುವುದು ನಿಜ. ಆದರೆ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಒಂದೇ ದಿನದಲ್ಲಿ ಮುರಿದರೆ, ಆ ಸಾಲಿನಲ್ಲಿ ಅವರೇ ಇನ್ನೊಮ್ಮೆ, ಇನ್ನಷ್ಟು ಸೋತು ಬಂದು ನಿಲ್ಲಬೇಕಾಗುತ್ತದೆ. ಒಪ್ಪಿಸಿ ಹೋಗುವ ಆ ಒಂದು ಗಂಟೆಯೂ ಚಿಕಿತ್ಸೆಯೇ. ಆಸ್ಪತ್ರೆಗಳು ಅದನ್ನು ಡ್ಯೂಟಿಯ ಲೆಕ್ಕಕ್ಕೆ ಸೇರಿಸಲಿ.